ಹಳೇ ಕನ್ವರ್ಟಿಬಲ್‌ಗೆ ನಾಲ್ಕು ಶನಿವಾರ

"ಗಾಜು ಏರಿಸಿ ಒಳಗೇ ಕೂತಿರಿ," ಅಂದವನೇ ಮೆಕ್ಯಾನಿಕ್ ಕಾರಿನ ಬಟ್ಟೆಯ ಛಾವಣಿ ಮೇಲೆ ಒಂದು ಬಕೆಟ್ ನೀರು ಸುರಿದುಬಿಟ್ಟ.

ಎರಡೇ ಕ್ಷಣ... ತಣ್ಣನೆಯ ಹನಿಯೊಂದು ನೇರವಾಗಿ ಅವಳ ಬೈತಲೆಗೆ ಬಿತ್ತು.

"ಎಲ್ಲಿ ಬಿತ್ತು?"

"ನನ್ನ ತಲೆ ಮೇಲೆ!"

"ಹಾಗಾದ್ರೆ ಡ್ರೈವರ್ ಕಡೆ ಹೊಲಿಗೆ ಬಿಟ್ಟಿದೆ," ಎಂದು ಬರೆದುಕೊಂಡ. ಕ್ಷಮಿಸಿ ಅನ್ನಲಿಲ್ಲ. ಬಾಗಿಲು ತೆರೆದು ಒಗೆದ ಟವೆಲ್ ಒಂದನ್ನು ಚಾಚಿದ. ಆ ಕಣ್ಣಲ್ಲಿದ್ದ ನಗು ಮಾತ್ರ ಅವಳಿಗೆ ಕಂಡೇಬಿಟ್ಟಿತು.

ಅವಳದು ಔಷಧಿ ಅಂಗಡಿ. ಮೂವತ್ನಾಲ್ಕು ವರ್ಷ ಬೇರೆಯವರ ಬುದ್ಧಿಮಾತು ಕೇಳಿಯೇ ಬದುಕಿದವಳು. ಓದಿದ್ದು ಅಪ್ಪ ಹೇಳಿದ್ದನ್ನು, ಕೂದಲು ಬಿಟ್ಟಿದ್ದು ಅಕ್ಕ ಹೇಳಿದಷ್ಟು ಉದ್ದ. ಈ ಕಾರೊಂದನ್ನಾದರೂ ತಾನೇ ತೂಗಿ ನೋಡಿ, ಬೇಕೋ ಬೇಡವೋ ತನ್ನ ಬಾಯಿಂದಲೇ ಹೇಳಬೇಕೆಂದು ಹಠ ಹಿಡಿದಿದ್ದಳು.

ಛಾವಣಿ ಮಡಚಿಡಬಹುದಾದ ಆ ಕಾರು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರರದು, ಹನ್ನೆರಡು ವರ್ಷ ಹಳೆಯದು. ಬಿಸಿಲು, ಧೂಳು, ಕಳ್ಳ ಒಂದು ಬ್ಲೇಡ್ ಎಳೆದರೆ ಮುಗಿಯಿತು, ಹಿಂದೆ ಒಂದು ಚೀಲ ಇಡಲೂ ಜಾಗವಿಲ್ಲ ಎಂದು ಅಕ್ಕ ಒಂದೇ ಉಸಿರಿನಲ್ಲಿ ಹೇಳಿದ್ದಳು. ಎಲ್ಲವೂ ನಿಜವೇ. ಆದರೆ ತಲೆಯ ಮೇಲೆ ಏನೂ ಇಲ್ಲದೆ, ಗಾಳಿಗೆ ಮುಖ ಕೊಟ್ಟು ಹೋಗುವ ಸುಖ? ಅದನ್ನು ತಕ್ಕಡಿಯಲ್ಲಿ ಹಾಕುವುದು ಹೇಗೆ?

ಹಾಗಾಗಿ ಹಳೇ ಕಾರುಗಳ ಪರೀಕ್ಷೆಗೆ ಹೆಸರಾದ ಈ ಮೆಕ್ಯಾನಿಕ್ ಬಳಿ ಬಂದಿದ್ದಳು. ಗ್ಯಾರೇಜಿನವರು ಅವನನ್ನು ನಿಧಾನಿ ಅನ್ನುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುವ ಗಾದೆಗೂ ಹೆದರದ ಮನುಷ್ಯ.

ಮರು ಶನಿವಾರ ಬಂದಾಗ ಛಾವಣಿಯ ಮೋಟಾರ್ ಇನ್ನೂ ನೋಡಬೇಕು ಅಂದ. ಅದರ ಮುಂದಿನ ಶನಿವಾರ, ಅಡಿಯಲ್ಲಿ ತುಕ್ಕಿರಬಹುದು, ಇನ್ನೊಂದು ವಾರ ಕೊಡಿ ಅಂದ. ಪ್ರತಿ ಸಲವೂ ಅವಳು ಟೀ ಕುಡಿಯುವಷ್ಟು ಹೊತ್ತು ಕೂತಳು. ತನಗೆ ಈ ಕಾರು ಯಾಕೆ ಬೇಕೆಂದು ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ, ಒಂದೇ ಒಂದು ಬುದ್ಧಿಮಾತು ಹೇಳಲಿಲ್ಲ. ಅವಳ ಮನಸ್ಸು ಸೋತಿದ್ದು ಅಲ್ಲಿಯೇ.

ನಾಲ್ಕನೇ ಶನಿವಾರ ಬೆಳಿಗ್ಗೆ ಹಲ್ಲಿನ ಡಾಕ್ಟರೇ ಮಾತ್ರೆ ಕೊಳ್ಳಲು ಅಂಗಡಿಗೆ ಬಂದರು. ಒಂದು ಹೊಲಿಗೆ ಬಿಚ್ಚಿದ್ದು ಬಿಟ್ಟರೆ ಕಾರಿಗೆ ಏನೂ ಆಗಿಲ್ಲವೆಂದು ಮೆಕ್ಯಾನಿಕ್ ಮೊದಲ ದಿನವೇ ತಮಗೆ ಹೇಳಿದ್ದಾನೆ, ನೀವೇ ಯಾಕೋ ಮೀನಮೇಷ ಎಣಿಸುತ್ತಿದ್ದೀರಿ ಅಂದರು. ಬೇರೆಯವರು ಕೇಳುತ್ತಿದ್ದಾರಂತೆ, ಮಧ್ಯಾಹ್ನದೊಳಗೆ ಉತ್ತರ ಬೇಕಂತೆ.

ನನಗೆ ಸುಳ್ಳು ಹೇಳಿದನೇ... ಇವನೂ?

ಅಂಗಡಿ ಮುಚ್ಚಿ ನೇರ ಗ್ಯಾರೇಜಿಗೆ ಹೋದಳು.

"ಮನೇಲಿ ಎಲ್ರೂ ನನ್ನ ಪರವಾಗಿ ತಾವೇ ಯೋಚನೆ ಮಾಡ್ತಾರೆ. ನೀವೂ ಶುರು ಮಾಡಿದ್ರಾ? ನನಗೆ ಕಾರು ತಗೊಳ್ಳೋ ಯೋಗ್ಯತೆ ಇಲ್ಲ ಅಂತಾನಾ?"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಅಲ್ಲ. ಚೆನ್ನಾಗಿದೆ ಅಂದಿದ್ರೆ ತಗೊಂಡು ಹೋಗ್ತಿದ್ರಿ. ಬೇಡ ಅಂದಿದ್ರೆ ಬಿಟ್ಟು ಹೋಗ್ತಿದ್ರಿ. ಹೇಗಿದ್ರೂ ನೀವು ಹೋಗೋದೇ... ಅದಕ್ಕೇ ಇನ್ನೊಂದು ವಾರ ಅಂದೆ. ತಪ್ಪು ನಂದೇ."

ಅವಳ ಸಿಟ್ಟು ಇನ್ನೂ ಇತ್ತು, ಆದರೆ ನಿಲ್ಲಲು ಜಾಗ ಹುಡುಕುತ್ತಿತ್ತು.

"ನನಗೆ ಬೇಕಾದವರೇ ಸುಳ್ಳು ಹೇಳಿದ್ರೆ ನಾನು ಯಾರನ್ನ ನಂಬಲಿ? ಈಗ ನಿಜ ಹೇಳಿ."

"ಇಂಜಿನ್ ಗಟ್ಟಿ. ಛಾವಣಿ ಇನ್ನೆರಡು ವರ್ಷ ಬಾಳಿದ್ರೆ ಹೆಚ್ಚು. ಬಿಡಿಭಾಗ ಸಿಗೋದು ಕಷ್ಟ, ಆಗಾಗ ಕೈ ಕೊಡುತ್ತೆ. ತಗೊಳ್ಳೋದು, ಬಿಡೋದು ನಿಮಗೆ ಬಿಟ್ಟಿದ್ದು."

ನಿಮಗೆ ಬಿಟ್ಟಿದ್ದು. ಈ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅಲ್ಲೇ ನಿಂತು ಫೋನ್ ಮಾಡಿದಳು. "ತಗೊಳ್ತೀನಿ ಡಾಕ್ಟ್ರೇ."

ಆಮೇಲೆ ಅವನತ್ತ ತಿರುಗಿದಳು. "ಕೈ ಕೊಟ್ಟಾಗೆಲ್ಲ ಇಲ್ಲಿಗೇ ತರ್ತೀನಿ."

"ಕೊಡದೇ ಇದ್ದಾಗ?" ಅವನ ದನಿ ಮೆತ್ತಗಿತ್ತು.

"ಆವಾಗ ನೀವು ಮನೆಗೆ ಬನ್ನಿ. ನಾಳೆನೇ ಬನ್ನಿ. ಅಕ್ಕನ ಹತ್ರ ನಮ್ಮಿಬ್ಬರ ವಿಷಯ ಮಾತಾಡ್ಬೇಕು."

"ಒಪ್ಪಿಗೆ ಕೇಳೋಕಾ?"

"ಅಲ್ಲ," ಅಂದಳು ಅವಳು, ಅವನ ಎಣ್ಣೆಗೈಯನ್ನು ಹಾಗೇ ಹಿಡಿದುಕೊಂಡು. "ಹೇಳೋಕೆ."