ಬೆನ್ನಿನ ಮೂರು ಗೆರೆ

ಆ ಲಾಂಡ್ರಿಗೆ ಹೊಸದಾಗಿ ಸೇರಿದ ಡ್ರೈವರ್ ಒಂದು ಮಧ್ಯಾಹ್ನ ತನ್ನ ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಂಡ. ಬೆನ್ನಿನ ಮೇಲೆ ಕಡ್ಡಿ ಇಟ್ಟಂತೆ ಮೂರು ಗೆರೆ ಬಿದ್ದವು. ಹಾಗೆ ಗೆರೆ ಹಾಕುವುದು ಪೊಲೀಸರ ಯೂನಿಫಾರ್ಮಿಗೆ ಎಂದು ಇಸ್ತ್ರಿಯವಳಿಗೆ ಗೊತ್ತಿತ್ತು.

ಹೋಟೆಲುಗಳಿಗೆ ಹೋಗುವ ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಅಲ್ಲಿಂದ ಡ್ರಗ್ಸ್ ಪೊಟ್ಟಣಗಳು ಊರೆಲ್ಲ ತಿರುಗುತ್ತಿದ್ದವು. ಯಜಮಾನ ಅವಳ ಒಡಹುಟ್ಟಿದ ಅಣ್ಣ. ಪೊಟ್ಟಣವಿದ್ದ ಗಂಟನ್ನು ಅವಳೇ ಕಟ್ಟಬೇಕು. ಬೇರೆ ಕೈಯನ್ನು ಅವನು ನಂಬುವವನಲ್ಲ. ಹಿಂದೊಬ್ಬ ಕೆಲಸದವನು ಪೊಲೀಸರ ಹತ್ತಿರ ಬಾಯಿಬಿಟ್ಟು ಹೆಣವಾಗಿದ್ದ.

ಅವಳು ಶರ್ಟು ಕಿತ್ತುಕೊಂಡು, ನೀರು ಚಿಮುಕಿಸಿ, ಗೆರೆಗಳನ್ನು ಅಳಿಸಿಬಿಟ್ಟಳು.

"ಇಲ್ಲಿ ಹೀಗೆಲ್ಲ ಹಾಕ್ಕೋಬೇಡಿ," ಎಂದಳು ಮೆಲ್ಲಗೆ. "ಡ್ರೈವರ್ ಅಂದ್ಮೇಲೆ ಒಂಚೂರು ಸುಕ್ಕಿರಬೇಕು."

ಅವನ ಮುಖ ಬಿಳಿಚಿತು. ಅವಳ ಕಣ್ಣಂಚಿನ ನಗು ಕಂಡ ಮೇಲೆ ಹೋದ ಜೀವ ಬಂದಂತಾಯಿತು.

ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಅವನು ಬೇಕೆಂದೇ ಮುದುಡಿದ ಶರ್ಟು ತೊಟ್ಟು ಅವಳ ಮೇಜಿನ ಮುಂದೆ ಸುಳಿಯುವನು. ಅವಳು ಹಬೆಯ ಮರೆಯಿಂದ ಕಣ್ಣೆತ್ತಿ, ಹಸು ಮೆದ್ದ ಬಟ್ಟೆಯೂ ಇದಕ್ಕಿಂತ ವಾಸಿ ಎಂದು ಚುಚ್ಚುವಳು. ಅಷ್ಟಕ್ಕೇ ಇಬ್ಬರ ದಿನವೂ ತುಂಬಿಹೋಗುತ್ತಿತ್ತು.

ಒಂದು ಸಂಜೆ ಅವನು ನಗದೆ ಬಂದು ನಿಂತ.

"ನಾಳೆ ಕೆಲಸಕ್ಕೆ ಬರಬೇಡ."

ಅವಳ ಕೈ ನಿಂತಿತು. "ನಾನು ಬರದಿದ್ರೆ ಗಂಟು ಹೊರಡಲ್ಲ. ಅಣ್ಣಂಗೆ ಅನುಮಾನ ಬರುತ್ತೆ. ಆಮೇಲೆ ನೀನು ಉಳೀತೀಯಾ?"

"ಬಂದ್ರೆ ನಿನ್ನನ್ನೂ ಹಿಡೀಬೇಕಾಗುತ್ತೆ."

"ಹಿಡಿ. ಹಾಗಾದ್ರೂ ಕೈ ಹಿಡಿದ ಹಾಗಾಯ್ತು."

ಅಣ್ಣನಿಗೆ ಹೇಳಿದರೆ ಇವನ ಹೆಣ ಬೀಳುತ್ತದೆ. ಹೇಳದಿದ್ದರೆ ಸಾಕಿದ ಅಣ್ಣ ಜೈಲು ಸೇರುತ್ತಾನೆ. ಊಟಕ್ಕೆ ಕೂತಾಗ ಅಣ್ಣ, ಯಾಕೆ ಮುಖ ಬಾಡಿದೆ ಎಂದು ಕೇಳಿದ. ತಲೆನೋವು ಎಂದಳು. ತನ್ನ ತಟ್ಟೆ ಬಿಟ್ಟೆದ್ದು ಮಾತ್ರೆ ತಂದುಕೊಟ್ಟ. ಅವಳು ಅದನ್ನು ಮುಷ್ಟಿಯಲ್ಲೇ ಹಿಡಿದು ಕೂತಳು.

ಮರುದಿನ ಬಂದಳು. ಗಂಟು ಕಟ್ಟಿದಳು. ಕೊನೆಯ ಗಂಟು ಬಿಗಿಯುವಷ್ಟರಲ್ಲಿ ಪೊಲೀಸರು ನುಗ್ಗಿದರು. ಅವರ ಮುಂದೆ ಅವನಿದ್ದ, ಯೂನಿಫಾರ್ಮಿನಲ್ಲಿ. ನನ್ನ ತಂಗಿಗೆ ಏನೂ ಗೊತ್ತಿಲ್ಲ ಸಾರ್ ಎಂದು ಅಣ್ಣ ಅವನ ಕಾಲಿಗೆ ಬಿದ್ದ.

ಅವಳು ಎರಡೂ ಕೈ ಚಾಚಿದಳು. ಅವನು ಬೆನ್ನು ತಿರುಗಿಸಿ, ಹಿಂದಿದ್ದ ಪೇದೆಯಿಂದ ಬೇಡಿ ಇಸಿದುಕೊಂಡು ಬಂದು ತೊಡಿಸಿದ.

"ಬೆನ್ನಿನ ಗೆರೆ ಸೊಟ್ಟಗಿದೆ," ಎಂದಳು. "ನಂಗೆ ಕೊಟ್ಟಿದ್ರೆ ನೆಟ್ಟಗೆ ಹಾಕಿಕೊಡ್ತಿದ್ದೆ."

ಪೊಲೀಸ್ ವ್ಯಾನು ಹೊರಟಾಗ ಕಿಟಕಿಯಿಂದ ನೋಡಿದಳು: ಅವಳ ಮೇಜಿನ ಮುಂದೆ ಅವನು ನಿಂತೇ ಇದ್ದ, ಅವಳು ಕಾಯಲು ಬಿಟ್ಟುಬಂದ ಇಸ್ತ್ರಿಪೆಟ್ಟಿಗೆಯನ್ನು ಆರಿಸಲೂ ತೋಚದೆ.