ಕಾರಣದ ಕಾಲಂ

ಸೋಮವಾರ ಬೆಳಗ್ಗೆ ನೋಟಿಸ್ ಬೋರ್ಡಿನಲ್ಲಿ ನನ್ನ ದಾಖಲೆಯ ಪರಿಶೀಲಕರ ಪಟ್ಟಿ ನೋಡಿದರೆ ಅವನ ಹೆಸರಿಲ್ಲ. ಮೂರು ವರ್ಷದಿಂದ ನಾಲ್ಕನೆಯ ಸಾಲಿನಲ್ಲಿ ತಪ್ಪದೆ ಇರುತ್ತಿದ್ದ ಹೆಸರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಇತ್ತು, ಪಕ್ಕದ ಹಾಳೆಯಲ್ಲಿ, ಕೊಡೆಯ ದಾಖಲೆಯ ಕೆಳಗೆ.

ಕೊಡೆ ಅಂದರೆ ನಮ್ಮಲ್ಲಿಗೆ ಹೊಸದಾಗಿ ಬಂದ ಆಂಟೆನಾ ಎಂಜಿನಿಯರ್. ಅವಳ ಆಂಟೆನಾ ಮಡಚಿಕೊಂಡು ಮೇಲೆ ಹೋಗಿ, ಕಕ್ಷೆ ಸೇರಿದ ಮೇಲೆ ಕೊಡೆಯ ಹಾಗೆ ಬಿಚ್ಚಿಕೊಳ್ಳಬೇಕು. ಬಂದ ವಾರದಲ್ಲೇ ಆ ಹೆಸರು ಅಂಟಿತು. ನಮ್ಮ ಆಫೀಸಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿಯುವುದಿಲ್ಲ. ಉಪಗ್ರಹದ ಒಂದೊಂದು ಭಾಗವನ್ನು ಒಂದೊಂದು ತಂಡ ಮಾಡುತ್ತದೆ. ಯಾವುದು ಯಾವುದಕ್ಕೆ ಎಲ್ಲಿ ಕೂಡಬೇಕು, ಯಾರಿಗೆ ಎಷ್ಟು ತೂಕ, ಎಷ್ಟು ಕರೆಂಟು ಎಂದು ಬರೆದಿಟ್ಟು ಕಾವಲು ಕೂರುವವಳು ನಾನು. ಗ್ರಾಂ ಗ್ರಾಂಗೂ ಜಗಳ ತೆಗೆಯುತ್ತೇನೆಂದು ನನ್ನ ಹೆಸರು ತಕ್ಕಡಿ. ಉಪಗ್ರಹದಲ್ಲಿ ಯಾವುದೂ ಸುಟ್ಟುಹೋಗದ ಹಾಗೆ, ಯಾವುದೂ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವವನು ಅವನು. ಅವನು ಥರ್ಮಲ್.

ನನ್ನ ದಾಖಲೆಯ ಹೊಸ ಪ್ರತಿ ಬಂದಾಗಲೆಲ್ಲ ಥರ್ಮಲ್ ಅದನ್ನು ಓದಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಪ್ಪು ಗುರುತಿಸಿ, ಸಂಜೆ ನಾಲ್ಕಕ್ಕೆ ಎರಡು ಕಪ್ ಟೀ ಹಿಡಿದು ನನ್ನ ಕೋಣೆಗೆ ಬರುತ್ತಿದ್ದ. ಒಂದೊಂದು ಗುರುತಿಗೂ ನಾನು ವಾದಕ್ಕೆ ನಿಲ್ಲುತ್ತಿದ್ದೆ. ಅವನು ಪೆನ್ಸಿಲ್ಲಿನ ತುದಿಯನ್ನು ಕಪ್ಪಿಗೆ ಮೆಲ್ಲಗೆ ತಟ್ಟುತ್ತ ಎಲ್ಲ ಕೇಳಿ, ಕೊನೆಗೆ "ಟೀ ಆರಿಹೋಗುತ್ತೆ, ಕುಡೀರಿ" ಅನ್ನುತ್ತಿದ್ದ. ಆ ಹೊತ್ತಿಗೆ ಅವನ ಕಣ್ಣು ಹಾಳೆಯ ಮೇಲೆ ಇರುತ್ತಿರಲಿಲ್ಲ. ನಾನು ತಲೆ ಎತ್ತಿದರೆ ಚಟ್ಟನೆ ಹಾಳೆಗೆ ಇಳಿಯುತ್ತಿತ್ತು. ನನ್ನ ಮನಸ್ಸಿನಲ್ಲಿ ಅವನು ಎಂದೋ 'ಅವನು' ಆಗಿಬಿಟ್ಟಿದ್ದ. ಎದುರಿಗೆ ಮಾತ್ರ ಇಬ್ಬರದೂ 'ನೀವು'.

ಕೊಡೆಯ ಜೊತೆ ಹಾಗಲ್ಲ. ಲ್ಯಾಬಿನ ಗಾಜಿನ ಗೋಡೆಯಾಚೆ ಅವರಿಬ್ಬರೂ ಆಂಟೆನಾದ ಕೀಲಿನ ಮೇಲೆ ಬಗ್ಗಿ ನಿಂತಿರುತ್ತಿದ್ದರು. ಅವಳು ಟಾರ್ಚ್ ಹಿಡಿಯುತ್ತಿದ್ದಳು, ಅವನು ಟೇಪ್ ಅಂಟಿಸುತ್ತಿದ್ದ. ಬುಧವಾರ ಬಾಗಿಲು ಅರ್ಧ ತೆರೆದಿತ್ತು. "ನೀನು ಸ್ವಲ್ಪ ಸುಮ್ನಿರು, ಬೆಳಕು ಅಲ್ಲಾಡ್ತಿದೆ" ಎಂದು ಅವಳಿಗೆ ಹೇಳಿದ. ನೀನು. ನನಗೆ ಮೂರು ವರ್ಷವಾದರೂ ಸಿಗದ ಏಕವಚನ ಅವಳಿಗೆ ಮೂರೇ ವಾರದಲ್ಲಿ ಸಿಕ್ಕಿತ್ತು. ಅವಳೇನೋ ಹೇಳಿದ್ದಕ್ಕೆ ಬಾಯ್ತುಂಬ ನಕ್ಕ. ನನ್ನೆದುರು ಅವನ ನಗು ತುಟಿಯಂಚು ದಾಟುತ್ತಿರಲಿಲ್ಲ. ನನಗೆ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿಟ್ಟ ಹಾಗಾಯಿತು.

ಗುರುವಾರ ನನ್ನ ಮೇಜಿಗೊಂದು ಫಾರಂ ಬಂತು. ಬಾಹ್ಯಾಕಾಶದ ಚಳಿಗೆ ಕೊಡೆಯ ಆಂಟೆನಾದ ಕೀಲು ಬಿಗಿದುಕೊಳ್ಳಬಹುದು, ಅದಕ್ಕೊಂದು ಪುಟ್ಟ ಹೀಟರ್ ಬೇಕು, ಅದಕ್ಕೆ ನಾನ್ನೂರು ಗ್ರಾಂ ತೂಕ ಮಂಜೂರು ಮಾಡಬೇಕು. ಕೆಳಗೆ ಇಬ್ಬರ ಸಹಿ, ಮದುವೆ ಕಾಗದದಲ್ಲಿ ಹೆಸರು ಅಚ್ಚಾದ ಹಾಗೆ ಅಕ್ಕಪಕ್ಕ. ಅವಳ ಕೀಲಿಗೆ ಚಳಿಯಂತೆ, ಇವನು ಬಿಸಿ ಕೊಡುತ್ತಾನಂತೆ. ನನ್ನ ಕೈಯಲ್ಲಿ ಆರು ಕಿಲೋ ಮೀಸಲು ತೂಕವಿತ್ತು. ಆದರೂ 'ನಿರಾಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿ ಕಳಿಸಿದೆ. ಕಾರಣದ ಕಾಲಂ ಖಾಲಿ ಬಿಟ್ಟೆ.

ಮನೆಗೆ ಹೋದರೆ ಬಟ್ಟೆ ಮಡಚುತ್ತಿದ್ದ ಅಕ್ಕನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಬಿಡಿಸಿ ಬಿಡಿಸಿ ಕೇಳಿ ಎಲ್ಲ ಹೊರಡಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬೈದಳು.

"ಅವನು ನಿನಗೆ ಬೇಕು ಅಂತ ಯಾವತ್ತಾದ್ರೂ ಹೇಳಿದ್ದೀಯೇನೆ?"

"ಇಲ್ಲ."

"ಮತ್ತೆ ಪಾಪ, ಅವನಿಗೇನು ಕನಸು ಬೀಳುತ್ತಾ?"

ನನಗೆ ಅಳು ಬಂತು. ಬಾಯಿ ಬಿಡದೆ ಮೂರು ವರ್ಷ ಕಾದಿಟ್ಟುಕೊಂಡದ್ದು ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು. ಅಕ್ಕ ಮಡಚಿದ ಟವೆಲೊಂದನ್ನು ನನ್ನ ಕಡೆ ಎಸೆದು ಅಡುಗೆಮನೆಗೆ ಹೋದಳು.

ಶುಕ್ರವಾರ ಮುಖ್ಯಸ್ಥರು ಕರೆಸಿದರು. ನಿವೃತ್ತಿಗೆ ಆರು ತಿಂಗಳಿರುವ, ದನಿ ಎತ್ತಿ ಮಾತಾಡದ ಮನುಷ್ಯ. ಕೊಡೆ ನಿನ್ನೆಯಿಂದ ನಾನ್ನೂರು ಗ್ರಾಂ ಉಳಿಸಲು ಕೀಲಿನ ಲೋಹವನ್ನೇ ತೆಳ್ಳಗೆ ಮಾಡುವ ಲೆಕ್ಕ ಹಾಕುತ್ತಿದ್ದಾಳೆ, ಅದು ಮುರಿಯುವ ಭಯವೂ ಇದೆ ಎಂದರು. ಆಮೇಲೆ, ಏನಾದರೂ ತೊಂದರೆಯೇ ಎಂದು ಕೇಳಿದರು.

"ನನಗೆ ಅವಳ ಮೇಲೆ ಯಾವ ದ್ವೇಷವೂ ಇಲ್ಲ ಸಾರ್" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ ನನ್ನದು.

ಅವರು ಕನ್ನಡಕದ ಮೇಲಿಂದ ನೋಡಿದರು. "ಬೇಡ ಅನ್ನೋಕೆ ನಿಮಗೆ ಅಧಿಕಾರ ಇದೆಯಮ್ಮ. ಕಾರಣ ಬರೀದೆ ಬೇಡ ಅನ್ನೋಕೆ ನನಗೂ ಇಲ್ಲ." ಫಾರಂಗಳ ಫೈಲನ್ನು ನನ್ನ ಕಡೆ ತಳ್ಳಿದರು. "ಹಿಂದಿನ ಹಾಳೆ ನೋಡಿ. ಬೇರೆಯವರು ಹೇಗೆ ತುಂಬಿದ್ದಾರೆ ಅಂತ."

ನನ್ನ ಫಾರಂ ನೂರ ಹದಿನೇಳು. ನೂರ ಹದಿನಾರರಲ್ಲಿ ಥರ್ಮಲ್‌ನ ಗುಂಡು ಅಕ್ಷರ. ತಕ್ಕಡಿಯವರ ದಾಖಲೆಯ ಪರಿಶೀಲನೆಯಿಂದ ನನ್ನನ್ನು ಬಿಡುಗಡೆ ಮಾಡಿ ಎಂಬ ಕೋರಿಕೆ. ಕಣ್ಣು ಕೆಳಗಿಳಿಯಿತು.

'ಕಾರಣ: ಬರೆದವರಲ್ಲಿ ಸ್ವಂತ ಆಸಕ್ತಿ ಇರುವವರು ಪರಿಶೀಲಿಸಬಾರದೆಂಬ ನಿಯಮವಿದೆ. ನನಗೆ ಇದೆ. ಅವರು ಬರೆದದ್ದೆಲ್ಲ ಸರಿ ಎಂದೇ ಕಾಣುತ್ತಿದೆ. ಕಳೆದ ಸಲ ಅರವತ್ತೆರಡನೆಯ ಪುಟದ ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನಿಂದ ಅವರ ಕೆಲಸಕ್ಕೆ ಕುಂದು ಬರಬಾರದು.'

ಎರಡು ಸಲ ಓದಿದೆ. ಮುಖ್ಯಸ್ಥರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಆಸಕ್ತಿ ಅನ್ನುವ ಆ ಒಣ ಆಫೀಸು ಮಾತು ಅಷ್ಟು ಸಿಹಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಬೆನ್ನಿಗೇ ನಾಚಿಕೆಯೂ ಆಯಿತು. ಅವನು ನನ್ನ ಮೇಲಿನ ಆಸೆಗೆ ಕೆಲಸ ಕೆಡದಿರಲೆಂದು ದೂರ ಸರಿದಿದ್ದ. ನಾನು ಅದೇ ಆಸೆಗೆ ಒಂದು ಕೀಲನ್ನೇ ಮುರಿಯಲು ಹೊರಟಿದ್ದೆ. ಆ ಕೀಲು ಬಿಚ್ಚದಿದ್ದರೆ ಉಪಗ್ರಹದ ಒಂದು ಮಾತೂ ಕೆಳಗೆ ಕೇಳುತ್ತಿರಲಿಲ್ಲ.

ಪೆನ್ನು ತೆಗೆದು ಬರೆದೆ. 'ನಿರಾಕರಣೆಯ ಕಾರಣ: ಹೊಟ್ಟೆಕಿಚ್ಚು. ನಿರಾಕರಣೆ ರದ್ದು. ನಾನ್ನೂರು ಗ್ರಾಂ ಮಂಜೂರು.' ಮುಖ್ಯಸ್ಥರು ಓದಿ ಮೊಹರು ಒತ್ತಿದರು. ಅದರ ಪ್ರತಿ ಇಬ್ಬರು ಅರ್ಜಿದಾರರಿಗೂ ಹೋಗುತ್ತದೆಂದು ನೆನಪಾದದ್ದು ಮೆಟ್ಟಿಲಿಳಿಯುವಾಗ.

ಮೊದಲು ಲ್ಯಾಬಿಗೆ ಹೋಗಿ ಕೊಡೆಯ ಹತ್ತಿರ ತಪ್ಪಾಯಿತೆಂದೆ. ಅವಳು ಕೆಂಪಗಾದ ಕಣ್ಣು ಉಜ್ಜಿಕೊಂಡು, ನಿನ್ನೆ ರಾತ್ರಿಯ ನಿದ್ದೆ ವಾಪಸ್ ಕೊಡಿ ಎಂದಳು. ಕೋಪವಿತ್ತು, ಇರಬೇಕಾದದ್ದೇ. ಹೊರಡುವಾಗ, ಅವನೂ ತಾನೂ ಕಾಲೇಜಿನ ಲ್ಯಾಬಿನಲ್ಲಿ ಒಂದೇ ಮೀಟರಿಗೆ ನಾಲ್ಕು ವರ್ಷ ಕಿತ್ತಾಡಿದವರು, ಆಗಿನಿಂದ ಬಾಯಲ್ಲಿರುವ 'ನೀನು' ಅದು ಎಂದು ತಾನಾಗಿಯೇ ಹೇಳಿದಳು.

ನಾಲ್ಕಕ್ಕೆ ಅವನು ಬಂದ. ಎರಡು ಕಪ್ ಟೀ, ಕಂಕುಳಲ್ಲಿ ನನ್ನ ಫಾರಂನ ಪ್ರತಿ. ಕೂತು, ಪೆನ್ಸಿಲ್ ತೆಗೆದು 'ಹೊಟ್ಟೆಕಿಚ್ಚು' ಎಂಬ ಮಾತಿನ ಕೆಳಗೆ ಗೆರೆ ಎಳೆದ.

"ಕಿಚ್ಚು ಅಂತ ಬರ್ದಿದ್ದೀರಿ. ಎಷ್ಟು ವಾಟ್ ಅಂತ ಬರ್ದಿಲ್ಲ. ಥರ್ಮಲ್‌ನವರಿಗೆ ಅದು ಬೇಕಾಗುತ್ತೆ."

"ನೀವು ಪರಿಶೀಲಿಸೋ ಹಾಗಿಲ್ಲ" ಎಂದೆ. "ನಿಮಗೆ ಆಸಕ್ತಿ ಇದೆಯಂತೆ. ನೂರ ಹದಿನಾರು ಓದಿದೆ."

ಅವನ ಕಿವಿ ಕೆಂಪಾಯಿತು. ಪೆನ್ಸಿಲ್ ಕಪ್ಪಿಗೆ ಎರಡು ಸಲ ತಟ್ಟಿ ನಿಂತಿತು. ಈ ಸಲ ನಾನು ತಲೆ ಎತ್ತಿದಾಗ ಕಣ್ಣು ಹಾಳೆಗೆ ಇಳಿಯಲಿಲ್ಲ.

"ನನಗೆ ನೇರವಾಗಿ ಹೇಳ್ಬಹುದಿತ್ತು" ಎಂದೆ.

"ಹೇಳೋಕೆ ಬಂದಾಗಲೆಲ್ಲ 'ನೀವು' ಅನ್ನೋದು ಅಡ್ಡ ನಿಲ್ತಿತ್ತು. ಫಾರಂನಲ್ಲಿ ನೀವೂ ಬರಲ್ಲ, ನೀನೂ ಬರಲ್ಲ. ಅದಕ್ಕೆ ಬರೆಯೋಕಾಯ್ತು."

ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಅವಳಿಗೆ ನೀನು ಅಂದದ್ದಕ್ಕೇ ನಾನ್ನೂರು ಗ್ರಾಂ ತಡೆಹಿಡಿದೆ ಎಂದು ಒಪ್ಪಿಕೊಂಡೆ. ನನಗೂ ಆಸಕ್ತಿ ಇದೆ, ಮೂರು ವರ್ಷದಿಂದ, ಎಂದೂ ಹೇಳಿದೆ. ಅವನು ಬಾಯ್ತುಂಬ ನಗಲಿಲ್ಲ. ಮೇಜಿನ ಮೇಲಿದ್ದ ನನ್ನ ಬೆರಳುಗಳ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಕಪ್ಪನ್ನು ನನ್ನ ಕಡೆ ಸರಿಸಿದ.

"ಟೀ ಆರಿಹೋಗುತ್ತೆ" ಎಂದ. "ಕುಡಿ."

ಒಂದೇ ಒಂದು ಅಕ್ಷರ ಕಡಿಮೆಯಾಗಿತ್ತು. ಗ್ರಾಂ ಗ್ರಾಂಗೂ ಲೆಕ್ಕ ಇಡುವವಳಿಗೆ ಅದು ತಿಳಿಯದೆ ಹೋಗುತ್ತದೆಯೇ. ನಾನು ಕಪ್ಪೆತ್ತಿ ಕುಡಿದೆ.