ಟಿಕ್ ಅಂದಾಗ ಎದ್ದ ಬೆರಳು

ಅವನು ಆಸ್ಪತ್ರೆಯಿಂದ ಕಳಿಸಿದ ವೀಡಿಯೊ ನೋಡಿ ಕುಣಿದಾಡಿಬಿಟ್ಟಿದ್ದೆ. ಅವನ ಬಲಗೈ ತೋರುಬೆರಳು ಎದ್ದಿತ್ತು! ನನ್ನ ಟೈಲರಿಂಗ್ ಅಂಗಡಿಯ ಪಕ್ಕದ ಸಲೂನಿನಲ್ಲಿ ಕತ್ತರಿ ಆಡಿಸುತ್ತಿದ್ದ ಕೈ ಅದು. ಸ್ಟ್ರೋಕ್ ಆದಮೇಲೆ ಬಾಡಿದ ಸೊಪ್ಪಿನ ಹಾಗೆ ಬಿದ್ದುಕೊಂಡಿತ್ತು.

"ಕೈ ಸರಿಹೋಗಲಿ, ಆಮೇಲೆ ಮದುವೆ ಮಾತು" ಅಂತ ಹಟ ಹಿಡಿದಿದ್ದ ಅಪ್ಪನಿಗೂ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಭಾನುವಾರ ಮನೆಗೆ ಕರ್ಕೊಂಡು ಬಾ" ಅಂದರು.

ವಿಷಯ ತಿಳಿಸಿದ್ದೇ ತಡ, ಪುಣ್ಯಾತ್ಮ ಫೋನ್ ಎತ್ತುವುದನ್ನೇ ಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಆಸ್ಪತ್ರೆಗೆ ನುಗ್ಗಿದೆ.

ಥೆರಪಿಸ್ಟ್ ಮೇಡಂ ಅವನ ತಲೆಗೆ ತಾಗಿಸಿ ತಂತಿ ಸುತ್ತಿದ ದಪ್ಪನೆಯ ಕಾಯಿಲ್ ಹಿಡಿದಿದ್ದರು. ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ಹೊರಗಿನಿಂದಲೇ ಮೆದುಳಿಗೆ ಅಯಸ್ಕಾಂತದ ತಟ್ಟು. ಟಿಕ್ ಅಂದಿತು, ಬೆರಳು ಎದ್ದಿತು. ಟಿಕ್, ಮತ್ತೆ ಎದ್ದಿತು. ಮೆಷಿನ್ ನಿಂತಿತು. ಬೆರಳು ಮಲಗಿತು.

ವೀಡಿಯೊದಲ್ಲೂ ಅದೇ ಟಿಕ್ ಇತ್ತು. ಗಡಿಯಾರ ಅಂದುಕೊಂಡಿದ್ದೆ, ಪೆದ್ದಿ!

ನನ್ನನ್ನು ಕಂಡಿದ್ದೇ ಅವನು ತಲೆ ತಗ್ಗಿಸಿದ. ಎಡಗೈಯಿಂದ ಬಲಗೈ ಎತ್ತಿ ಟವೆಲ್ ಅಡಿಗೆ ತಳ್ಳಿಕೊಂಡ.

"ಮೆದುಳಲ್ಲಿ ಯಾವ ಜಾಗಕ್ಕೆ ತಟ್ಟು ಕೊಡಬೇಕು ಅಂತ ಹುಡುಕೋಕೆ ಈ ಟಿಕ್. ಇನ್ಮೇಲೆ ಕೈ ಆಡಿಸೋ ಅಭ್ಯಾಸ ಅವರೇ ಮಾಡ್ಬೇಕು. ನಿಧಾನ ಆಗತ್ತೆ" ಅಂದು ಮೇಡಂ ಹೊರಗೆ ಹೋದರು.

"ನಾಚಿಕೆ ಆಗ್ತಿದೆ ಕಣೇ. ನೀನು ಅಷ್ಟು ಖುಷಿಪಟ್ಟೆ, ನಾನಲ್ಲ ಮೆಷಿನ್ನು ಅನ್ನೋಕೆ ಬಾಯೇ ಬರ್ಲಿಲ್ಲ. ಒಂದು ಪೇಪರ್ ಲೋಟ ಹಿಡಿಯೋಕಾಗಲ್ಲ, ನಿನ್ನ ಕೈ ಹಿಡಿಯೋನಂತೆ!"

ಬೈಯಲು ಬಂದವಳಿಗೆ ನನ್ನ ಮೇಲೇ ಹೇಸಿಗೆಯಾಯಿತು. ಅಪ್ಪ ಷರತ್ತು ಹಾಕಿದಾಗ ನಾನೂ ತೆಪ್ಪಗಿದ್ದೆನಲ್ಲ. ಅವನ ಬೆರಳನ್ನು ಪರೀಕ್ಷೆಗೆ ಕೂರಿಸಿದವರು ನಾವೇ ತಾನೆ?

ಅಲ್ಲೇ ಫೋನ್ ಮಾಡಿದೆ. "ಅಪ್ಪಾ, ಆ ಬೆರಳು ಎತ್ತಿದ್ದು ಮೆಷಿನ್ನು. ಕೈ ಇನ್ನೂ ಹಾಗೇ ಇದೆ. ಆದ್ರೂ ನಾನು ಮದ್ವೆ ಆಗೋದು ಇವನನ್ನೇ."

ಅಪ್ಪ ಕೇಳಿದರು, "ಸುಳ್ಳು ಹೇಳಿದ್ನಾ?"

"ಹೂಂ."

"ಭಾನುವಾರ ಬರ್ಲಿ. ಬೈಯೋಕಾದ್ರೂ ಎದುರಿಗೆ ಬೇಕಲ್ಲ."

ಟವೆಲ್ ಸರಿಸಿ ಆ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡೆ. "ಹಿಡಿ, ನೋಡೋಣ."

ಹಲ್ಲು ಕಚ್ಚಿ, ಹಣೆ ಬೆವರುವಷ್ಟು ಪ್ರಯತ್ನಪಟ್ಟ. "ಅಲುಗಾಡ್ತಾ?"

ಆ ಕಣ್ಣಲ್ಲಿದ್ದ ಆಸೆ ನೋಡಿ ಹೂಂ ಅಂದುಬಿಡೋಣ ಅನ್ನಿಸಿತು.

"ಇಲ್ಲ ಕಣೋ."

"ಸುಮ್ನೆ ಹೂಂ ಅನ್ಬಹುದಿತ್ತು."

"ಸುಳ್ಳು ಹೇಳೋಕೆ ಮನೆಗೆ ಒಬ್ರು ಸಾಕು."

ನಕ್ಕುಬಿಟ್ಟ. ನಗುತ್ತಲೇ ಅತ್ತ. ಕಣ್ಣೊರೆಸಿಕೊಳ್ಳಲು ಎಡಗೈಯಲ್ಲಿ ಟವೆಲ್ ತೆಗೆದುಕೊಂಡ. ಬಲಗೈ ನನ್ನ ಹತ್ತಿರವೇ ಬಿಟ್ಟಿದ್ದ.